ಐನೂರು ಕೋಣೆ, ಅರವತ್ತಾರು ಸಾವಿರ ಪಾಲುದಾರರು: ಜಿಮ್ ಬೇಕರ್ ಪ್ರಕರಣ

1984ರಲ್ಲಿ ಅಮೆರಿಕದ ಟಿವಿಯಲ್ಲಿ ಒಂದು ಕರೆ ಬಂತು. ಒಂದೇ ಸಲ 1,000 ಡಾಲರ್ ಕೊಡಿ, ನಾವು ಕಟ್ಟುತ್ತಿರುವ ಹೋಟೆಲಿನಲ್ಲಿ ವರ್ಷಕ್ಕೆ ಮೂರು ರಾತ್ರಿ ಪುಕ್ಕಟೆ ಇದ್ದು ಹೋಗಿ. ಬದುಕಿರುವವರೆಗೂ, ಪ್ರತಿ ವರ್ಷ. ಕರೆದವರು ಹೋಟೆಲ್ ಮಾಲೀಕರಲ್ಲ, ಕ್ರೈಸ್ತ ಧರ್ಮದ ಬೋಧಕರು. ಹೆಸರು ಜಿಮ್ ಬೇಕರ್. ಪಕ್ಕದಲ್ಲಿ ಹೆಂಡತಿ ಟ್ಯಾಮಿ ಫೇ. ಕಾಡಿಗೆ ಕರಗಿ ಕೆನ್ನೆಗೆ ಇಳಿಯುವ ಹಾಗೆ ಅಳುತ್ತಿದ್ದ ಆಕೆಯ ಮುಖ ಆ ಕಾಲದ ಅಮೆರಿಕನ್ನರಿಗೆಲ್ಲ ಗೊತ್ತಿತ್ತು.

ಹೋಟೆಲಿನ ಹೆಸರು ಹೆರಿಟೇಜ್ ಗ್ರ್ಯಾಂಡ್. ಕೋಣೆಗಳು 500. ಹೀಗೆ ಹಣ ಕೊಟ್ಟವರನ್ನು ಪಾಲುದಾರರು ಎನ್ನುತ್ತಿದ್ದರು. ಈ ಯೋಜನೆಗೆ 25,000 ಜನರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದು ಬೇಕರ್ ಮಾತು ಕೊಟ್ಟರು. ಕೊನೆಗೆ ಸೇರಿಸಿಕೊಂಡದ್ದು 66,683 ಜನರನ್ನು.

ಇಲ್ಲೇ ಸ್ವಲ್ಪ ನಿಂತು ಲೆಕ್ಕ ಹಾಕೋಣ. 500 ಕೋಣೆ, 365 ರಾತ್ರಿ. ವರ್ಷಕ್ಕೆ ಸಿಗುವುದು 1,82,500 ರಾತ್ರಿಗಳು. 25,000 ಜನ ಮೂರು ಮೂರು ರಾತ್ರಿ ಬಂದರೆ 75,000 ಆಯಿತು. ದುಡ್ಡು ಕೊಟ್ಟು ಉಳಿಯುವ ಬೇರೆ ಅತಿಥಿಗಳಿಗೂ ಬೇಕಾದಷ್ಟು ಜಾಗ ಉಳಿಯುತ್ತದೆ. ಯೋಜನೆ ನಡೆಯುವಂಥದ್ದೇ. 66,683 ಜನ ಬಂದರೆ? 2,00,049 ರಾತ್ರಿಗಳು ಬೇಕು. ಒಬ್ಬ ಹೊರಗಿನವನನ್ನೂ ಬಿಟ್ಟುಕೊಳ್ಳದೆ, ಒಂದು ದಿನವೂ ಬೀಗ ಹಾಕದೆ ನಡೆಸಿದರೂ ಹದಿನೇಳು ಸಾವಿರಕ್ಕೂ ಜಾಸ್ತಿ ರಾತ್ರಿಗಳು ಸಾಲುವುದಿಲ್ಲ.

ಶ್ರೀಮಂತ ಬೋಧಕರ ಬಗ್ಗೆ ಮಾತಾಡಿದಾಗಲೆಲ್ಲ ನಾವು ಅವರ ಎದೆಯೊಳಗೆ ಇಣುಕಲು ಹೋಗುತ್ತೇವೆ. ಇವರಿಗೆ ನಿಜವಾಗಿ ಭಕ್ತಿ ಇದೆಯಾ, ಇಲ್ಲಾ ಎಲ್ಲಾ ನಾಟಕವಾ? ಈ ಪ್ರಕರಣವನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣ ಅದೇ. ಇಲ್ಲಿ ಬೋಧಕರ ಎದೆಯೂ ಸಾಕಷ್ಟು ತೆರೆದಿದೆ, ಕೋಣೆಗಳ ಲೆಕ್ಕವೂ ನ್ಯಾಯಾಲಯದ ಕಡತದಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಅಳು ಕಲಿಸಿದ ಪಾಠ

ಬೇಕರ್ ಹುಟ್ಟಿದ್ದು 1940ರಲ್ಲಿ, ಮಿಷಿಗನ್ ರಾಜ್ಯದ ಮಸ್ಕೀಗನ್‌ನಲ್ಲಿ. ತಂದೆ ಕಾರ್ಖಾನೆ ಕೆಲಸಗಾರ. ಮಿನಿಯಾಪೊಲಿಸ್‌ನ ಬೈಬಲ್ ಕಾಲೇಜಿನಲ್ಲಿ ಟ್ಯಾಮಿಯ ಪರಿಚಯವಾಯಿತು. 1961ರಲ್ಲಿ ಮದುವೆಯಾಗಿ, ಓದು ಬಿಟ್ಟು, ಊರೂರು ತಿರುಗಿ ಬೋಧನೆ ಶುರು ಮಾಡಿದರು. ಮಕ್ಕಳಿಗೆ ಗೊಂಬೆಯಾಟ ಆಡಿಸಿ ಬೈಬಲ್ ಕತೆ ಹೇಳುತ್ತಿದ್ದರು. 1960ರ ದಶಕದ ನಡುವೆ ಪ್ಯಾಟ್ ರಾಬರ್ಟ್‌ಸನ್ ಅವರ ಸಣ್ಣ ಕ್ರೈಸ್ತ ಟಿವಿ ಕೇಂದ್ರ ಇವರನ್ನು ಕೆಲಸಕ್ಕೆ ಕರೆಯಿತು. ಅದು ವರ್ಜೀನಿಯಾದಲ್ಲಿತ್ತು.

ಅಲ್ಲಿ ನಡೆದ ಒಂದು ಘಟನೆ ಇಡೀ ಕತೆಯ ಬೀಜ ಅಂತ ನನಗನಿಸುತ್ತದೆ. ಕೇಂದ್ರಕ್ಕೆ ದುಡ್ಡಿನ ಕೊರತೆ. ನೇರಪ್ರಸಾರದಲ್ಲಿ ಹಣ ಕೇಳುವ ಕಾರ್ಯಕ್ರಮ ನಡೆಯುತ್ತಿತ್ತು. ಗುರಿ ಮುಟ್ಟುವ ಸೂಚನೆ ಇರಲಿಲ್ಲ. ಬೇಕರ್ ಕ್ಯಾಮೆರಾ ಮುಂದೆ ಅತ್ತುಬಿಟ್ಟರು. ಕೇಂದ್ರ ಮುಚ್ಚಿ ಹೋಗುತ್ತದೆ ಎಂದು ಬಿಕ್ಕಿದರು. ಫೋನುಗಳು ಒಂದೇ ಸಮನೆ ಮೊಳಗಿದವು.

ಆ ಕಣ್ಣೀರು ಸುಳ್ಳು ಎಂದು ನಾನು ಹೇಳಲಾರೆ. ಇಪ್ಪತ್ತೈದರ ಹುಡುಗ. ಕೆಲಸ ಹೋಗುವ ಭಯ, ದೇವರ ಕೆಲಸ ನಿಲ್ಲುವ ಸಂಕಟ, ಎರಡೂ ಇದ್ದಿರಬಹುದು. ಆದರೆ ಅತ್ತರೆ ಫೋನು ಮೊಳಗುತ್ತದೆ ಎಂಬುದನ್ನು ಅವರು ಕಣ್ಣಾರೆ ನೋಡಿದರು. ಒಮ್ಮೆ ಅದನ್ನು ಕಂಡವನಿಗೆ ಮುಂದಿನ ಸಲ ಅಳು ಬಂದಾಗ ಅದು ತಾನಾಗಿ ಬಂತಾ, ತಂದುಕೊಂಡದ್ದಾ? ಬಹುಶಃ ಅವರಿಗೇ ಗೊತ್ತಾಗುತ್ತಿರಲಿಲ್ಲ.

1974ರಲ್ಲಿ ದಂಪತಿ ನಾರ್ತ್ ಕ್ಯಾರೊಲಿನಾದ ಷಾರ್ಲೆಟ್‌ಗೆ ಬಂದರು. ಅಲ್ಲಿ ಬೆಳೆದದ್ದೇ ಪಿಟಿಎಲ್ (ಪ್ರೈಸ್ ದ ಲಾರ್ಡ್) ಎಂಬ ಅವರ ಟಿವಿ ಸಂಸ್ಥೆ. 1978ರಲ್ಲಿ ಉಪಗ್ರಹದ ಮೂಲಕ ದೇಶವಿಡೀ ಪ್ರಸಾರ ಶುರುವಾಯಿತು. ಅದೇ ವರ್ಷ ಸೌತ್ ಕ್ಯಾರೊಲಿನಾದ ಫೋರ್ಟ್ ಮಿಲ್‌ನಲ್ಲಿ ಹೆರಿಟೇಜ್ ಯುಎಸ್ಎ ತೆರೆಯಿತು. 2,300 ಎಕರೆ ಜಾಗ. ಪ್ರಾರ್ಥನಾ ಮಂದಿರದ ಜೊತೆಗೆ ನೀರಾಟದ ಪಾರ್ಕು, ಅಂಗಡಿ ಬೀದಿ. ಡಿಸ್ನಿಯ ಎರಡು ಪಾರ್ಕುಗಳನ್ನು ಬಿಟ್ಟರೆ ದೇಶದಲ್ಲಿ ಹೆಚ್ಚು ಜನ ಹೋಗುತ್ತಿದ್ದದ್ದು ಇಲ್ಲಿಗೇ ಎಂಬ ಮಾತಿತ್ತು. 1986ರಲ್ಲಿ ಬಂದವರ ಸಂಖ್ಯೆ 60 ಲಕ್ಷದ ಹತ್ತಿರ.

ಪುರಾಣ ಮತ್ತು ಬದನೆಕಾಯಿ

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ನಮ್ಮಲ್ಲಿ ಗಾದೆ ಇದೆ. ಬದನೆಕಾಯಿ ತಿನ್ನಬೇಡಿ ಎಂದು ಜನರಿಗೆ ಉಪದೇಶಿಸಿ, ಮನೆಗೆ ಹೋಗಿ ಅದನ್ನೇ ಎಣ್ಣೆಗಾಯಿ ಮಾಡಿಸಿ ತಿನ್ನುವವರ ಬಗ್ಗೆ. ಶ್ರೀಮಂತ ಬೋಧಕರನ್ನು ಕಂಡಾಗ ಮೊದಲು ಬಾಯಿಗೆ ಬರುವುದು ಇದೇ. ಆದರೆ ಬೇಕರ್‌ಗೆ ಇದು ಹೊಂದುವುದಿಲ್ಲ. ಅವರು ಹೇಳುತ್ತಿದ್ದ ಪುರಾಣದಲ್ಲೇ ಬದನೆಕಾಯಿ ತಿನ್ನಿ ಅಂತ ಇತ್ತು.

ಅದನ್ನು ಸಮೃದ್ಧಿಯ ಸುವಾರ್ತೆ ಎನ್ನುತ್ತಾರೆ. ದೇವರು ತನ್ನ ಮಕ್ಕಳು ಬಡವರಾಗಿರಬೇಕು ಎಂದು ಬಯಸುವುದಿಲ್ಲ. ನಂಬಿ ಕೇಳಿದರೆ ಆರೋಗ್ಯ, ಹಣ, ಮನೆ ಎಲ್ಲವನ್ನೂ ಕೊಡುತ್ತಾನೆ. ಕಾಣಿಕೆ ಅನ್ನುವುದು ಬಿತ್ತುವ ಬೀಜ, ಬಿತ್ತಿದ್ದಕ್ಕಿಂತ ಬೆಳೆ ಜಾಸ್ತಿ ಬರುತ್ತದೆ. ಬೀಜದ ಈ ಮಾತನ್ನು ಟಿವಿಗೆ ತಂದವರಲ್ಲಿ ಓರಲ್ ರಾಬರ್ಟ್ಸ್ ಮುಖ್ಯರು. 1987ರಲ್ಲಿ ಅವರು, ಮಾರ್ಚ್ ಒಳಗೆ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ನನ್ನನ್ನು ಕರೆಸಿಕೊಳ್ಳುತ್ತಾನೆ ಎಂದು ಭಕ್ತರಿಗೆ ಹೇಳಿದರು. ಹಣ ಕೂಡಿತು.

ಈ ಬೋಧನೆಯೊಳಗೆ ನಿಂತು ನೋಡಿದರೆ ಬೋಧಕರ ಬಂಗಲೆ ಕಳಂಕವೇ ಅಲ್ಲ, ಸಾಕ್ಷಿ. ಬೋಧಕನೇ ಹರಕು ಅಂಗಿಯಲ್ಲಿ ಬಂದರೆ ಅವನ ದೇವರು ಕೊಡುತ್ತಾನೆ ಎಂದು ನಂಬುವುದು ಹೇಗೆ? ಭಕ್ತರಿಗೂ ಹಾಗೇ ಕಾಣುತ್ತದೆ. ಮೇಲ್ಮನವಿ ನ್ಯಾಯಾಲಯ ತನ್ನ ತೀರ್ಪಿನಲ್ಲಿ ಬೇಕರ್ ಅವರ ವೈಭವವನ್ನು ಪಟ್ಟಿ ಮಾಡಿದೆ. ಬಚ್ಚಲಲ್ಲಿ ಚಿನ್ನದ ಲೇಪದ ನಲ್ಲಿಗಳು, 570 ಡಾಲರಿನ ಪರದೆ. ಖಾಸಗಿ ಜೆಟ್, ಲಿಮೋಸಿನ್. ಮಕ್ಕಳಿಗೆ ಏಸಿ ಹಾಕಿದ ಮರದ ಮನೆ. ನಾಯಿಗಳಿಗೂ ಏಸಿ ಹಾಕಿದ ಗೂಡು. ಹೊರಗಿನವರು ನಾಯಿಗೂಡಿನ ಸುದ್ದಿ ಓದಿ ನಕ್ಕರು. ಒಳಗಿನವರಲ್ಲಿ ಎಷ್ಟೋ ಜನರಿಗೆ ಅದು ತೊಂದರೆಯಾಗಿ ಕಾಣಲೇ ಇಲ್ಲ.

ನನ್ನ ಮಟ್ಟಿಗೆ ನಾಯಿಗೂಡು ದೊಡ್ಡ ವಿಷಯವಲ್ಲ. ದುಡ್ಡಿರುವವರು ನಾಯಿಗೆ ಏಸಿ ಹಾಕಿಸಲಿ ಬಿಡಿ. ಆ ಏಸಿಯ ದುಡ್ಡು ಯಾವ ಮಾತಿನ ಮೇಲೆ ಬಂತು ಎಂಬುದೇ ವಿಷಯ.

ಮುರಿದ ಮಾತು

ಈ ರೀತಿಯ ಪಾಲುದಾರಿಕೆಗಳು ಒಟ್ಟು 1,53,000ದಷ್ಟು ಮಾರಾಟವಾದವು. ಬಂದ ಹಣ ಸುಮಾರು 15.8 ಕೋಟಿ ಡಾಲರ್. ಗ್ರ್ಯಾಂಡ್ ಹೋಟೆಲಿನ ಜೊತೆಗೆ ಟವರ್ಸ್ ಎಂಬ 21 ಅಂತಸ್ತಿನ ಇನ್ನೊಂದು ಹೋಟೆಲ್ ಬರಬೇಕಿತ್ತು. ಅತಿಥಿಗೃಹಗಳೂ ಬರಬೇಕಿತ್ತು. ಕಟ್ಟಿ ಮುಗಿದದ್ದು ಗ್ರ್ಯಾಂಡ್ ಮತ್ತು 48 ಜನ ಮಲಗುವಷ್ಟು ದೊಡ್ಡದಾದ ಒಂದು ಅತಿಥಿಗೃಹ, ಅಷ್ಟೇ. ಟವರ್ಸ್ ಕಟ್ಟಡದ ಅಸ್ಥಿಪಂಜರ ಎದ್ದು ನಿಂತಿತು, ದಶಕಗಟ್ಟಲೆ ಹಾಗೇ ಪಾಳು ನಿಂತಿತ್ತು.

ಹಾಗಾದರೆ ಹಣ ಹೋದದ್ದೆಲ್ಲಿ? ಎಲ್ಲವೂ ಬೇಕರ್ ಜೇಬಿಗೆ ಹೋಯಿತು ಅಂದುಕೊಳ್ಳುವುದು ಸುಲಭ. ಹಾಗಾಗಲಿಲ್ಲ. ದೊಡ್ಡ ಭಾಗ ಸಂಸ್ಥೆಯ ದಿನದ ಖರ್ಚಿಗೆ ಹೋಯಿತು. ಟಿವಿ ಸಮಯ ಕೊಳ್ಳಲು ಹಣ ಬೇಕು. ಸಂಬಳಕ್ಕೆ ಬೇಕು. ಹಿಂದಿನ ತಿಂಗಳ ಬಿಲ್ಲುಗಳಿಗೆ ಬೇಕು. ಹೊಸ ಯೋಜನೆ ಘೋಷಿಸಿದರೆ ಹಣ ಬರುತ್ತದೆ, ಆ ಹಣದಲ್ಲಿ ಹಳೇ ಸಾಲ ತೀರುತ್ತದೆ, ಹೊಸ ಯೋಜನೆಗೆ ಹಣವಿರುವುದಿಲ್ಲ, ಆಗ ಇನ್ನೊಂದು ಯೋಜನೆ. ಬೇಕರ್ ಅವರ ಸ್ವಂತಕ್ಕೆ ಹೋದ ಮೊತ್ತ ಸುಮಾರು 37 ಲಕ್ಷ ಡಾಲರ್ ಎಂದು ಸರ್ಕಾರದ ವಕೀಲರು ಹೇಳಿದರು. ಬೋನಸ್ಸು ಕೊಡುವ ಖಾತೆ ಸಂಸ್ಥೆಯ ಮಾಮೂಲಿ ಪುಸ್ತಕಗಳಿಂದ ಬೇರೆಯಾಗಿತ್ತು. ಅದರ ಚೆಕ್ ಪುಸ್ತಕ ಹೊರಗಿನ ಲೆಕ್ಕಪರಿಶೋಧಕರ ಬಳಿ ಇರುತ್ತಿತ್ತು. ಬೇಕರ್ ಕುಟುಂಬ ಎಷ್ಟು ಪಡೆಯುತ್ತಿದೆ ಎಂಬುದು ಒಳಗಿನ ಹಣಕಾಸು ಸಿಬ್ಬಂದಿಗೂ ಪೂರ್ತಿ ಗೊತ್ತಿರಲಿಲ್ಲ.

ದೇವರೇ ಕೊಟ್ಟದ್ದು ಎಂದು ವೇದಿಕೆಯ ಮೇಲೆ ಹೇಳುವುದನ್ನು ಲೆಕ್ಕದ ಪುಸ್ತಕದಲ್ಲಿ ಯಾಕೆ ಬಚ್ಚಿಡಬೇಕು? ಇದಕ್ಕೆ ನನಗೆ ಒಳ್ಳೆಯ ಉತ್ತರ ಸಿಕ್ಕಿಲ್ಲ.

ಎಚ್ಚರಿಕೆ ಮೊದಲೇ ಸಿಕ್ಕಿತ್ತು ಎಂಬುದನ್ನೂ ಹೇಳಬೇಕು. 1979ರಲ್ಲೇ ಷಾರ್ಲೆಟ್ ಅಬ್ಸರ್ವರ್ ಪತ್ರಿಕೆ, ಹೊರದೇಶಗಳ ಸೇವಾಕಾರ್ಯಕ್ಕೆಂದು ಎತ್ತಿದ ಹಣ ಬೇರೆ ಕಡೆ ಹೋಗಿದೆ ಎಂದು ಬರೆಯಿತು. ಅಮೆರಿಕದ ಸಂವಹನ ಆಯೋಗ ಮೂರು ವರ್ಷ ವಿಚಾರಣೆ ನಡೆಸಿತು. 1982ರಲ್ಲಿ ನಾಲ್ಕಕ್ಕೆ ಮೂರು ಮತಗಳಿಂದ, ಪಿಟಿಎಲ್ ಕೈಯಲ್ಲಿದ್ದ ಓಹಾಯೋದ ಟಿವಿ ಕೇಂದ್ರವನ್ನು ಬೇರೆಯವರಿಗೆ ಕೊಟ್ಟು ಹೊರನಡೆಯಲು ಬೇಕರ್‌ಗೆ ಬಿಟ್ಟಿತು. ಕಡತ ನ್ಯಾಯ ಇಲಾಖೆಗೆ ಹೋಯಿತು, ಅಲ್ಲಿ ಮೊಕದ್ದಮೆ ಹೂಡಲಿಲ್ಲ. ಬೇಕರ್ ಇದನ್ನು ದೇವರ ಮಕ್ಕಳ ಮೇಲೆ ಸರ್ಕಾರದ ದಾಳಿ ಎಂದು ಟಿವಿಯಲ್ಲಿ ಹೇಳಿಕೊಂಡರು. ಕಾಣಿಕೆ ಕಡಿಮೆಯಾಗಲಿಲ್ಲ. ಇದಾದ ಮೇಲೆಯೇ ಹೋಟೆಲ್ ಯೋಜನೆ ಬಂದದ್ದು.

ಕುಸಿತ

ಬೀಳಿಸಿದ್ದು ಕೋಣೆಗಳ ಲೆಕ್ಕವಲ್ಲ, ಹೆಣ್ಣಿನ ವಿಷಯ. 1980ರಲ್ಲಿ ಫ್ಲಾರಿಡಾದ ಹೋಟೆಲೊಂದರಲ್ಲಿ ಚರ್ಚಿನ ಯುವ ಕಾರ್ಯದರ್ಶಿಯೊಬ್ಬರ ಜೊತೆ ನಡೆದದ್ದನ್ನು ಮುಚ್ಚಿಡಲು ಎರಡೂವರೆ ಲಕ್ಷ ಡಾಲರ್‌ಗೂ ಹೆಚ್ಚು ಹಣ ಗೊತ್ತುಪಡಿಸಲಾಗಿತ್ತು. ಆಕೆ ಅದನ್ನು ಬಲಾತ್ಕಾರ ಎಂದರು, ಬೇಕರ್ ಒಪ್ಪಿಗೆಯಿಂದ ನಡೆದದ್ದು ಎಂದರು. ಸುದ್ದಿ ಹೊರಬರುವ ಹೊತ್ತಿಗೆ, 1987ರ ಮಾರ್ಚ್ 19ರಂದು ಬೇಕರ್ ರಾಜೀನಾಮೆ ಕೊಟ್ಟರು. ಸಂಸ್ಥೆಯನ್ನು ಬೋಧಕ ಜೆರ್ರಿ ಫಾಲ್ವೆಲ್ ವಹಿಸಿಕೊಂಡು ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿದರು. ಹಣ ಎತ್ತುವಾಗ ಕೊಟ್ಟ ಮಾತಿನಂತೆ ಫಾಲ್ವೆಲ್ ಸೂಟು ಬೂಟಿನಲ್ಲೇ ಆ ಪಾರ್ಕಿನ ನೀರಿನ ಜಾರುಬಂಡಿಯಲ್ಲಿ ಜಾರಿದ್ದು ಎಲ್ಲಾ ಪತ್ರಿಕೆಗಳಲ್ಲಿ ಬಂತು. ಆ ಕಾಲವೇ ಹಾಗಿತ್ತು. ಬೇಕರ್ ಅವರನ್ನು ಕ್ರಿಸ್ತನ ದೇಹಕ್ಕೆ ಅಂಟಿದ ಕ್ಯಾನ್ಸರ್ ಎಂದು ಬೈದಿದ್ದ ಇನ್ನೊಬ್ಬ ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್, ವರ್ಷ ತುಂಬುವುದರೊಳಗೆ ತಾವೇ ಕ್ಯಾಮೆರಾ ಮುಂದೆ ಅಳುತ್ತಾ ಪಾಪ ಮಾಡಿದ್ದೇನೆ ಎಂದು ಒಪ್ಪಿಕೊಂಡರು.

ನ್ಯಾಯಾಲಯ ಕೇಳಿದ್ದು, ಕೇಳದೆ ಬಿಟ್ಟದ್ದು

ಈ ಪ್ರಕರಣದಲ್ಲಿ ನನಗೆ ಜಾಸ್ತಿ ಹಿಡಿಸುವ ಭಾಗ ಇದು. ಅಮೆರಿಕದಲ್ಲಿ ಒಬ್ಬರ ಧರ್ಮ ನಿಜವೋ ಸುಳ್ಳೋ ಎಂದು ನ್ಯಾಯಾಲಯ ತೀರ್ಮಾನಿಸುವ ಹಾಗಿಲ್ಲ. 1944ರಲ್ಲಿ ಬ್ಯಾಲರ್ಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತು. ರೋಗ ವಾಸಿ ಮಾಡುವ ದೈವಶಕ್ತಿ ನಮಗಿದೆ ಎಂದು ಹೇಳಿ ಅಂಚೆಯಲ್ಲಿ ಹಣ ಎತ್ತಿದ್ದ ಕುಟುಂಬದ ಪ್ರಕರಣ ಅದು. ಶಕ್ತಿ ಇತ್ತೋ ಇಲ್ಲವೋ ಎಂದು ಜ್ಯೂರಿ ನೋಡಬಾರದು, ಅವರು ತಮ್ಮ ಮಾತನ್ನು ತಾವು ನಂಬಿದ್ದರೇ ಎಂಬುದನ್ನು ಬೇಕಾದರೆ ನೋಡಬಹುದು ಎಂಬ ನಿಲುವು ಉಳಿಯಿತು. ನ್ಯಾಯಮೂರ್ತಿ ಜ್ಯಾಕ್ಸನ್ ಅದಕ್ಕೂ ಒಪ್ಪಲಿಲ್ಲ. ನಂಬಲಾಗದ ಸಂಗತಿ ಎಂದು ನಮಗೆ ತೋರಿದರೆ, ಹೇಳಿದವನೂ ನಂಬಿರಲಾರ ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಎರಡನ್ನೂ ಬೇರೆ ಮಾಡುವುದು ಹೇಗೆ ಎನ್ನುವುದು ಅವರ ತಕರಾರು.

ಬೇಕರ್ ಪ್ರಕರಣ ಈ ಗೋಜಿಗೇ ಹೋಗಬೇಕಾಗಿರಲಿಲ್ಲ. ಅಲ್ಲಿ ಕೇಳಬೇಕಾದದ್ದು ಸರಳವಾಗಿತ್ತು. 25,000 ಎಂದು ಹೇಳಿದಿರಿ. ಅದು ದಾಟಿದ್ದು ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ಮಾರಿದಿರಾ? ಅವರ ಬಲಗೈಯಂತಿದ್ದ ರಿಚರ್ಡ್ ಡಾರ್ಚ್ ತಪ್ಪೊಪ್ಪಿಕೊಂಡು ಸರ್ಕಾರದ ಪರ ಸಾಕ್ಷಿ ಹೇಳಿದರು. ಕೋಣೆ ಕೇಳಿ ಸಿಗದೆ ವಾಪಸಾದವರು ಬಂದು ಹೇಳಿದರು. ಕೊಟ್ಟದ್ದು ಕಾಣಿಕೆ, ಕೋಣೆ ಅದಕ್ಕೆ ಪ್ರತಿಯಾಗಿ ಪ್ರೀತಿಯಿಂದ ಕೊಟ್ಟ ಸೌಲಭ್ಯ ಎಂಬುದು ಬೇಕರ್ ಪರ ವಾದ. ಅವರ ಪರವಾಗಿಯೂ ಪಾಲುದಾರರು ಬಂದಿದ್ದರು. ನಮಗೆ ಮೋಸವಾಗಿಲ್ಲ, ಅಲ್ಲಿ ಕಳೆದ ದಿನಗಳು ನಮ್ಮ ಬದುಕಿನ ಒಳ್ಳೆಯ ದಿನಗಳು ಎನ್ನುವ ಭಾವ ಅವರದು. ಅವರು ಸುಳ್ಳು ಹೇಳುತ್ತಿದ್ದರು ಎಂದು ನನಗನಿಸುವುದಿಲ್ಲ. ಬೇಗ ಬಂದವರಿಗೆ ಕೋಣೆ ಸಿಕ್ಕಿತ್ತು.

ವಿಚಾರಣೆಯ ನಡುವೆ ಬೇಕರ್ ಕುಸಿದರು. ವಕೀಲರ ಕಚೇರಿಯಲ್ಲಿ ಸೋಫಾದ ಕೆಳಗೆ ತಲೆ ತೂರಿಸಿ ಮುದುಡಿ ಮಲಗಿದ್ದರು. ಮನೋವೈದ್ಯರ ಪರೀಕ್ಷೆಗೆ ಕಳಿಸಿ, ಮತ್ತೆ ಕರೆತರಲಾಯಿತು. 1989ರ ಅಕ್ಟೋಬರ್ 5ರಂದು ವಂಚನೆ ಮತ್ತು ಸಂಚಿನ ಎಲ್ಲಾ 24 ಆರೋಪಗಳೂ ಸಾಬೀತಾದವು. ನ್ಯಾಯಾಧೀಶ ರಾಬರ್ಟ್ ಪಾಟರ್ 45 ವರ್ಷ ಜೈಲು, 5 ಲಕ್ಷ ಡಾಲರ್ ದಂಡ ಹಾಕಿದರು. ಹಾಕುವಾಗ ಬಾಯಿ ಜಾರಿದರು. ನಮ್ಮಂಥ ಧರ್ಮ ಇರುವವರು ದುಡ್ಡುಬಾಕ ಬೋಧಕರ ಕೈಯಲ್ಲಿ ಮೂರ್ಖರಾಗಿ ಸಾಕಾಗಿದ್ದೇವೆ ಎಂಬರ್ಥದ ಮಾತಾಡಿದರು. 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಅಪರಾಧವನ್ನು ಎತ್ತಿಹಿಡಿಯಿತು, ಆದರೆ ಈ ಮಾತಿನ ಕಾರಣಕ್ಕೇ ಶಿಕ್ಷೆಯನ್ನು ರದ್ದು ಮಾಡಿತು. ನ್ಯಾಯಾಧೀಶರ ಸ್ವಂತ ಭಕ್ತಿ ತೀರ್ಪಿನೊಳಗೆ ಬರಬಾರದು ಎಂದಿತು. ಶಿಕ್ಷೆ ಮೊದಲು 18 ವರ್ಷಕ್ಕೆ, ಆಮೇಲೆ 8 ವರ್ಷಕ್ಕೆ ಇಳಿಯಿತು. ಸುಮಾರು ಐದು ವರ್ಷ ಒಳಗಿದ್ದು 1994ರಲ್ಲಿ ಹೊರಬಂದರು.

ಬೇಕರ್ ಅವರಿಗೆ ದೇವರಲ್ಲಿ ನಂಬಿಕೆ ಇತ್ತೇ? ಇತ್ತು ಎಂದೇ ನನ್ನ ಅಭಿಪ್ರಾಯ. ಟ್ಯಾಮಿಯ ವಿಷಯದಲ್ಲಂತೂ ಅನುಮಾನವೇ ಇಲ್ಲ. 1985ರಲ್ಲಿ, ಏಡ್ಸ್ ಎಂದರೆ ದೇವರ ಶಾಪ ಎಂದು ಬೇರೆ ಬೋಧಕರು ಕೂಗುತ್ತಿದ್ದ ಹೊತ್ತಲ್ಲಿ, ಏಡ್ಸ್ ಪೀಡಿತರಾಗಿದ್ದ ಸಲಿಂಗಿ ಪಾದ್ರಿ ಸ್ಟೀವ್ ಪೀಟರ್ಸ್ ಅವರನ್ನು ಆಕೆ ತಮ್ಮ ಕಾರ್ಯಕ್ರಮದಲ್ಲಿ ಮಾತಾಡಿಸಿದರು. ಕ್ರೈಸ್ತರಾದ ನಾವೇ ಇವರನ್ನು ತಬ್ಬಿಕೊಳ್ಳಲು ಹೆದರುತ್ತಿದ್ದೇವಲ್ಲ ಎಂದು ಅತ್ತರು. ಅದರಿಂದ ಕಾಣಿಕೆ ಹೆಚ್ಚುವ ಸಂಭವ ಇರಲಿಲ್ಲ, ಕಡಿಮೆಯಾಗುವ ಸಂಭವವೇ ಜಾಸ್ತಿ.

ಆದರೆ ನಂಬಿಕೆ ಎರಡು ಥರದ್ದು ಇಲ್ಲಿ ಕಲಸಿಹೋಗಿದೆ. ದೇವರಿದ್ದಾನೆ ಎಂಬುದು ಒಂದು. ಕೋಣೆ ಖಾಲಿ ಇದೆ ಎಂಬುದು ಇನ್ನೊಂದು. ಭಕ್ತರು ಮೊದಲನೆಯದರ ಜಾಮೀನಿನ ಮೇಲೆ ಎರಡನೆಯದಕ್ಕೆ ದುಡ್ಡು ಕೊಟ್ಟರು. ಇಷ್ಟು ಭಕ್ತಿಯಿಂದ ಪ್ರಾರ್ಥಿಸುವ ಮನುಷ್ಯ ಕೋಣೆಯ ವಿಷಯದಲ್ಲಿ ಸುಳ್ಳು ಹೇಳುತ್ತಾರಾ, ಅಲ್ವಾ? ಬರೀ ಕಪಟಿಯಾಗಿದ್ದರೆ ಇಷ್ಟು ದುಡ್ಡು ಎತ್ತುವುದು ಕಷ್ಟವಿತ್ತು. ಜೊತೆಗೆ, ಬರೀ ಕಪಟಿಗೆ ಒಂದು ಕಡೆ ಹೆದರಿಕೆ ಹುಟ್ಟುತ್ತದೆ, ಸಾಕು ಇನ್ನು ಸಿಕ್ಕಿಬೀಳುತ್ತೇನೆ ಎಂದು ನಿಲ್ಲಿಸುತ್ತಾನೆ. ದೇವರು ಹೇಗೋ ದಾರಿ ತೋರಿಸುತ್ತಾನೆ ಎಂದು ನಿಜವಾಗಿ ನಂಬಿದವನಿಗೆ ಆ ಬ್ರೇಕೂ ಇರುವುದಿಲ್ಲ. ಕೊರತೆ ಬಂದರೆ ಅದು ಪರೀಕ್ಷೆ. ಕೇಳುವವನು ಬಂದರೆ ಸೈತಾನನ ಕಡೆಯವನು.

ಆಮೇಲೆ

ಜೈಲಿನಲ್ಲಿ ಬೇಕರ್ ಮೊದಲ ಸಲ ಬೈಬಲನ್ನು ಆದಿಯಿಂದ ಅಂತ್ಯದವರೆಗೆ ಓದಿದರಂತೆ. ಅವರೇ ಒಪ್ಪಿಕೊಂಡದ್ದು. ಅಲ್ಲಿಯವರೆಗೆ ತಮ್ಮ ಬೋಧನೆಗೆ ಬೇಕಾದ ಸಾಲುಗಳನ್ನು ಮಾತ್ರ ಆರಿಸಿಕೊಳ್ಳುತ್ತಿದ್ದರು. ಓದಿದ ಮೇಲೆ ಸಮೃದ್ಧಿಯ ಬೋಧನೆ ತಪ್ಪು ಎಂದು 1996ರಲ್ಲಿ ಪುಸ್ತಕವನ್ನೇ ಬರೆದರು. ಟ್ಯಾಮಿ 1992ರಲ್ಲಿ ವಿಚ್ಛೇದನ ಪಡೆದು, ಮರುವರ್ಷ ಹೆರಿಟೇಜ್ ಯುಎಸ್ಎ ಕಟ್ಟಿದ ಗುತ್ತಿಗೆದಾರ ರೋ ಮೆಸ್ನರ್ ಅವರನ್ನು ಮದುವೆಯಾದರು. 2007ರಲ್ಲಿ ತೀರಿಕೊಂಡರು.

ಪಾಲುದಾರರು ಹೂಡಿದ ಸಾಮೂಹಿಕ ದಾವೆ ಎಳೆದು ಎಳೆದು 2003ರ ಹೊತ್ತಿಗೆ ಮುಗಿಯಿತು. ವಕೀಲರ ಫೀಸು ಕಳೆದು ಉಳಿದದ್ದನ್ನು ಹಂಚಿದಾಗ ತಲಾ ಸಿಕ್ಕಿದ್ದು 6 ಡಾಲರ್ 54 ಸೆಂಟ್.

ಅದೇ 2003ರಲ್ಲಿ ಬೇಕರ್ ಮಿಸೌರಿಯಿಂದ ಮತ್ತೆ ಟಿವಿಗೆ ಬಂದರು. ಈ ಸಲ ಸಮೃದ್ಧಿಯ ಮಾತಿರಲಿಲ್ಲ. ಲೋಕಕ್ಕೆ ಅಂತ್ಯಕಾಲ ಬರುತ್ತಿದೆ, ಸಿದ್ಧರಾಗಿ ಎನ್ನುವ ಬೋಧನೆ. ಸಿದ್ಧರಾಗಲು ವರ್ಷಗಟ್ಟಲೆ ಕೆಡದ ಊಟದ ಬಕೆಟ್ಟುಗಳನ್ನು ಮಾರುತ್ತಿದ್ದರು. 2020ರ ಫೆಬ್ರವರಿಯಲ್ಲಿ ಅವರ ಕಾರ್ಯಕ್ರಮಕ್ಕೆ ಬಂದ ಅತಿಥಿಯೊಬ್ಬರು, ಅಲ್ಲಿ ಮಾರುತ್ತಿದ್ದ ಬೆಳ್ಳಿಯ ದ್ರಾವಣ ಕೊರೋನಾದ ಇತರ ತಳಿಗಳನ್ನು ಹನ್ನೆರಡು ಗಂಟೆಯಲ್ಲಿ ಕೊಂದಿದೆ ಎನ್ನುವ ಮಾತಾಡಿದರು. ಮಾರ್ಚ್‌ನಲ್ಲಿ ಕೇಂದ್ರದ ಸಂಸ್ಥೆಗಳಿಂದ ಎಚ್ಚರಿಕೆ ಪತ್ರ ಬಂತು. ಮಿಸೌರಿ ರಾಜ್ಯ ಮೊಕದ್ದಮೆ ಹೂಡಿತು. 2021ರ ಜೂನ್‌ನಲ್ಲಿ, ತಪ್ಪು ಒಪ್ಪಿಕೊಳ್ಳದೆಯೇ, ಸುಮಾರು 1,56,000 ಡಾಲರ್ ವಾಪಸು ಕೊಡುವ ಒಪ್ಪಂದದಲ್ಲಿ ಅದು ಮುಗಿಯಿತು.

ಈ ನಡುವೆ ಕ್ರೆಡಿಟ್ ಕಾರ್ಡ್ ಕಂಪನಿಗಳು ಅವರ ವ್ಯವಹಾರ ನಿಲ್ಲಿಸಿಬಿಟ್ಟವು. ಆಗ ಎಂಬತ್ತರ ಬೇಕರ್ ಕ್ಯಾಮೆರಾ ಮುಂದೆ ಕೂತು, ಮತ್ತೆ ದಿವಾಳಿಯ ಅಂಚಿಗೆ ಬಂದಿದ್ದೇವೆ, ಕಾರ್ಡು ನಡೆಯುವುದಿಲ್ಲ, ದಯವಿಟ್ಟು ಚೆಕ್ ಬರೆದು ಕಳಿಸಿ ಎಂದು ಕೇಳಿಕೊಂಡರು. ಕಾರ್ಯಕ್ರಮ ನಿಲ್ಲಲಿಲ್ಲ.